‘ಗಾಸೋಲಿನಾ’: ಒಂದು ರೆಗೆಟೋನ್ ಹಾಡಿನ ಅರ್ಥ ಮತ್ತು ಆಕರ್ಷಣೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಆಡಳಿತಕ್ಕೆ ಒಳಪಟ್ಟ ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದಿಂದ 2004ರಲ್ಲಿ ಹೊರಟ ‘ಗಾಸೋಲಿನಾ’ ಹಾಡನ್ನು ಜುಂಬಾ ತರಗತಿಯಲ್ಲೋ ಗೆಳೆಯರ ಪಾರ್ಟಿಯಲ್ಲೋ ಕೇಳಿ, ಕುಣಿದೂ ಆದಮೇಲೆ, ಇದರ ಅರ್ಥವೇನು ಎಂದು ವಿಚಾರಿಸುವವರು ಬಹಳ ಮಂದಿ. ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಸುಲಭವಾದವುಗಳಿಂದ ಆರಂಭಿಸಿ ಇಲ್ಲಿ ಜೋಡಿಸಲಾಗಿದೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು.

## ಮೊದಲ ಪರಿಚಯ

ಇದು ಯಾರ ಹಾಡು? ಯಾವಾಗ ಬಂದದ್ದು?

ಹಾಡಿದವರು ಡ್ಯಾಡಿ ಯಾಂಕಿ. ಅವರ ನಿಜನಾಮ ರಮೋನ್ ಲೂಯಿಸ್ ಅಯಾಲಾ ರೊದ್ರಿಗೆಸ್. ಪೋರ್ಟೊ ರಿಕೊದ ರಾಜಧಾನಿ ಸ್ಯಾನ್ ಹುವಾನ್‌ನಲ್ಲಿ ವಿಯಾ ಕೆನೆಡಿ ಎಂಬ ಸರ್ಕಾರಿ ವಸತಿ ಸಮುಚ್ಚಯವಿದೆ. ಅವರು ಬೆಳೆದದ್ದು ಅಲ್ಲಿ. ಬೇಸ್‌ಬಾಲ್ ಆಟಗಾರನಾಗಬೇಕೆಂಬ ಕನಸು ಹೊತ್ತಿದ್ದ ಅವರಿಗೆ ಹದಿಹರೆಯದಲ್ಲಿ, ಸ್ಟುಡಿಯೊದಿಂದ ಹೊರಬಂದಿದ್ದ ಹೊತ್ತಿನಲ್ಲಿ, ಯಾರೋ ಯಾರಿಗೋ ಹಾರಿಸಿದ ಗುಂಡು ಕಾಲಿಗೆ ತಗುಲಿತು. ಆ ಗಾಯದಿಂದ ಆಟ ಕೈತಪ್ಪಿತು, ಹಾಡು ಉಳಿಯಿತು. ‘ಬ್ಯಾರಿಯೊ ಫಿನೊ’ ಎಂಬ ಅವರ ಆಲ್ಬಮ್ 2004ರ ಜುಲೈನಲ್ಲಿ ಬಿಡುಗಡೆಯಾಯಿತು. ‘ಗಾಸೋಲಿನಾ’ ಅದರದೇ ಹಾಡು. ಸಾಹಿತ್ಯದಲ್ಲಿ ಯಾಂಕಿಯ ಜೊತೆ ಎಡ್ಡಿ ಡೀ ಎಂಬ ಮತ್ತೊಬ್ಬ ಪೋರ್ಟೊ ರಿಕೊ ರಾಪರ್ ಕೈಜೋಡಿಸಿದರು. ಸಂಗೀತ ನಿರ್ಮಾಣ ಲೂನಿ ಟ್ಯೂನ್ಸ್ ಜೋಡಿಯದು.

ರೆಗೆಟೋನ್ ಅಂದ್ರೆ ರೆಗ್ಗೆನೇ ಅಲ್ವಾ?

ಸಂಬಂಧವಿದೆ, ಆದರೆ ಎರಡೂ ಒಂದಲ್ಲ. ಬಾಬ್ ಮಾರ್ಲಿಯ ಹೆಸರಿನ ಜೊತೆ ನಾವು ನೆನೆಯುವ ನಿಧಾನಗತಿಯ ರೆಗ್ಗೆಯಿಂದ ಜಮೈಕಾದಲ್ಲಿ 1980ರ ದಶಕದ ಹೊತ್ತಿಗೆ ಡ್ಯಾನ್ಸ್‌ಹಾಲ್ ಎಂಬ ಚುರುಕಾದ ಪ್ರಕಾರ ಬೆಳೆಯಿತು. ಅದನ್ನು ಸ್ಪ್ಯಾನಿಷ್‌ಗೆ ತಂದವರು ಪನಾಮಾದವರು. 1904ರಿಂದ 1914ರವರೆಗೆ ನಡೆದ ಪನಾಮಾ ಕಾಲುವೆಯ ಕಾಮಗಾರಿಗೆ ಬಾರ್ಬಡೋಸ್, ಜಮೈಕಾ ಮುಂತಾದ ದ್ವೀಪಗಳಿಂದ ಸಾವಿರಾರು ಕಪ್ಪು ಕೂಲಿಕಾರರು ಬಂದು ಅಲ್ಲಿಯೇ ನೆಲೆಸಿದ್ದರು. ಅವರ ಮೊಮ್ಮಕ್ಕಳ ಕಾಲದಲ್ಲಿ, ಎಲ್ ಜೆನೆರಲ್, ನ್ಯಾಂಡೊ ಬೂಮ್‌ರಂಥ ಗಾಯಕರ ದನಿಯಲ್ಲಿ, ಜಮೈಕಾದ ತಾಳಕ್ಕೆ ಸ್ಪ್ಯಾನಿಷ್ ಮಾತು ಕೂಡಿತು. ಅದು ನ್ಯೂಯಾರ್ಕ್‌ನ ಸ್ಟುಡಿಯೊಗಳ ಮೂಲಕ ಪೋರ್ಟೊ ರಿಕೊ ತಲುಪಿ, ಅಲ್ಲಿ ವೀಕೊ ಸಿ ಮುಂತಾದವರು ಆಗಲೇ ಬೆಳೆಸಿದ್ದ ಸ್ಪ್ಯಾನಿಷ್ ರಾಪ್‌ನೊಡನೆ ಬೆರೆಯಿತು. 1990ರ ದಶಕದಲ್ಲಿ ಡಿಜೆ ಪ್ಲೇಯೆರೊ ಮೊದಲಾದವರ ಕ್ಯಾಸೆಟ್‌ಗಳಲ್ಲಿ ಹರಿದಾಡುತ್ತಿದ್ದ ಈ ಮಿಶ್ರಣವನ್ನು ಜನ ‘ಅಂಡರ್‌ಗ್ರೌಂಡ್’ ಎನ್ನುತ್ತಿದ್ದರು. ರೆಗೆಟೋನ್ ಎಂಬ ಹೆಸರು ಗಟ್ಟಿಯಾಗಿ ನಿಂತದ್ದು ಆಮೇಲೆ.

## ಸಾಹಿತ್ಯ ಮತ್ತು ಅರ್ಥ

ಪೆಟ್ರೋಲ್ ಬೇಕು, ಪೆಟ್ರೋಲ್ ಬೇಕು ಅಂತ ಯಾಕೆ ಕೂಗ್ತಾರೆ?

‘ಗಾಸೋಲಿನಾ’ ಎಂದರೆ ಪೆಟ್ರೋಲ್ ಎನ್ನುವುದು ಸರಿ. ಪಲ್ಲವಿಯಲ್ಲಿ ಗಂಡು ದನಿ ‘ಅವಳಿಗೆ ಪೆಟ್ರೋಲ್ ಇಷ್ಟ’ ಎನ್ನುತ್ತದೆ, ಹೆಣ್ಣು ದನಿ ‘ಇನ್ನಷ್ಟು ಪೆಟ್ರೋಲ್ ಕೊಡು’ ಎಂದು ಉತ್ತರಿಸುತ್ತದೆ. ಈ ಮಾತು ಬೀದಿಯಿಂದ ಬಂದದ್ದು. ಯಾಂಕಿ ಸಂದರ್ಶನಗಳಲ್ಲಿ ಹೇಳಿಕೊಂಡಿರುವಂತೆ, ಅವರು ವಿಯಾ ಕೆನೆಡಿಯ ತಮ್ಮ ಮನೆಯಲ್ಲಿದ್ದಾಗ ಹೊರಗೆ ಯಾರೋ ಒಬ್ಬ ಹುಡುಗಿಯನ್ನು ಉದ್ದೇಶಿಸಿ ‘ಇವಳಿಗೆ ಪೆಟ್ರೋಲ್ ಎಷ್ಟು ಇಷ್ಟವಪ್ಪಾ’ ಎಂಬರ್ಥದಲ್ಲಿ ಕೂಗಿದ್ದು ಕಿವಿಗೆ ಬಿತ್ತು. ಪಾರ್ಟಿಗೆ ಹೋಗಲು ಯಾರ ಬಳಿ ಒಳ್ಳೆಯ ಕಾರಿದೆ ಎಂದು ನೋಡಿ ಹತ್ತಿಕೊಳ್ಳುವ ಹುಡುಗಿಯರನ್ನು ಕಿಚಾಯಿಸಲು ಅಲ್ಲಿನವರು ಬಳಸುತ್ತಿದ್ದ ಮಾತದು.

ಹಾಡು ಆ ಕೀಟಲೆಯನ್ನು ಎತ್ತಿಕೊಂಡಿತಾದರೂ ಅಲ್ಲಿಗೇ ನಿಲ್ಲಲಿಲ್ಲ ಎಂಬುದು ನನ್ನ ಓದು. ಮೊದಲ ಚರಣದ ಕೊನೆಗೆ ಬರುವ ಮಾತನ್ನು ಗಮನಿಸಬೇಕು: ಸ್ಪೀಕರ್‌ಗಳಲ್ಲಿ ರೆಗೆಟೋನ್ ಕೇಳಿದಾಗ ಅವಳ ಟ್ಯಾಂಕ್ ತುಂಬುತ್ತದೆ, ತುಂಬುವುದು ಅಡ್ರಿನಲಿನ್‌ನಿಂದ. ಅಂದರೆ ಪೆಟ್ರೋಲ್ ಯಾವುದು ಎಂಬ ಪ್ರಶ್ನೆಗೆ ಸಾಹಿತ್ಯವೇ ಉತ್ತರ ಕೊಟ್ಟಿದೆ. ಅವಳನ್ನು ಓಡಿಸುವ ಇಂಧನ ಈ ಸಂಗೀತ. ‘ಇನ್ನಷ್ಟು ಕೊಡು’ ಎಂದು ಅವಳು ಕೇಳುತ್ತಿರುವುದು ಕುಣಿತವನ್ನು, ರಾತ್ರಿಯ ಉತ್ಸಾಹವನ್ನು, ಅದನ್ನು ಹುಟ್ಟಿಸುವ ತಾಳವನ್ನು. ಕಾರಿನ ಸವಾರಿ ಆ ರಾತ್ರಿಯ ಒಂದು ಭಾಗವಷ್ಟೇ.

ಇದು ಮದ್ಯದ ಬಗ್ಗೆ, ಡ್ರಗ್ಸ್ ಬಗ್ಗೆ ಅಂತ ಕೇಳಿದ್ದೇನೆ. ನಿಜವೇ?

ಹಾಗೆ ಅರ್ಥ ಮಾಡಿದವರು ಬಹಳ ಮಂದಿ ಇದ್ದಾರೆ. ಮದ್ಯ ಎಂದವರಿದ್ದಾರೆ, ಮಾದಕ ವಸ್ತು ಎಂದವರಿದ್ದಾರೆ, ನೇರವಾಗಿ ಲೈಂಗಿಕ ಸೂಚನೆ ಎಂದವರೂ ಇದ್ದಾರೆ. ಮದ್ಯ ಮತ್ತು ಮಾದಕ ವಸ್ತುವಿನ ಓದಿಗೆ ಸಾಹಿತ್ಯದಲ್ಲಿ ಆಧಾರ ಸಿಗುವುದಿಲ್ಲ. ಬಾಟಲಿ, ಲೋಟ, ಅಮಲು ಯಾವುದರ ಮಾತೂ ಅಲ್ಲಿಲ್ಲ. ಲೈಂಗಿಕ ಧ್ವನಿಯ ಮಾತು ಬೇರೆ. ‘ಜೋರಾಗಿ’ ಎಂಬರ್ಥದ ‘ದೂರೊ’ ಎಂಬ ಗುಂಪುಕೂಗು, ‘ನಮ್ಮಿಬ್ಬರ ನಡುವೆ ಬಾಕಿ ಉಳಿದದ್ದೊಂದಿದೆ’ ಎಂಬ ಸಾಲು ಇವೆಲ್ಲ ಇಬ್ಬರ ನಡುವಿನ ಸೆಳೆತವನ್ನು ಮುಚ್ಚಿಡದೆ ಸೂಚಿಸುತ್ತವೆ. ಅದನ್ನು ಅಲ್ಲಗಳೆದು ಹಾಡನ್ನು ತೊಳೆದು ಶುಭ್ರ ಮಾಡುವ ಅಗತ್ಯವಿಲ್ಲ. ಆದರೆ ಪೆಟ್ರೋಲ್ ಎಂಬ ಪದವನ್ನು ಒಂದು ಗುಪ್ತ ಸಂಕೇತವೆಂದು ಹಿಡಿದು, ಅದನ್ನು ಬಿಡಿಸಿದರೆ ಹಾಡು ಮುಗಿಯಿತು ಎಂದುಕೊಳ್ಳುವುದು ಮಾತ್ರ ತಪ್ಪು ದಾರಿ. ನೂರಾರು ಜನ ಒಟ್ಟಿಗೆ ಕೂಗುವ ಪಲ್ಲವಿಯಲ್ಲಿ ಒಂದು ಮಾತು ಹಲವು ಅರ್ಥಗಳಿಗೆ ತೆರೆದಿರಬೇಕು. ಈ ಮಾತಿಗೆ ಆ ಸಡಿಲತೆ ಇದೆ.

ಹಾಡಿನಲ್ಲಿ ಬರುವ ಹುಡುಗಿ ಹೇಗಿದ್ದಾಳೆ? ಪಲ್ಲವಿ ಬಿಟ್ಟು ಬೇರೇನು ಹೇಳಿದ್ದಾರೆ?

ಪಲ್ಲವಿಯ ಗದ್ದಲದಲ್ಲಿ ಚರಣಗಳನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ಅದು ಈ ಹಾಡಿಗೆ ಆಗಿರುವ ದೊಡ್ಡ ನಷ್ಟ, ಏಕೆಂದರೆ ಮೊದಲ ಚರಣ ಒಂದು ಪೂರ್ಣ ವ್ಯಕ್ತಿಚಿತ್ರ. ಅವಳು ಬೀದಿಯ ಮೂಲೆಯವರೆಗೆ ಹೋಗುವುದಿದ್ದರೂ ಸಿಂಗರಿಸಿಕೊಂಡೇ ಹೊರಡುತ್ತಾಳೆ. ಎಷ್ಟು ಚೆನ್ನಾಗಿ ಕಾಣುತ್ತಾಳೆಂದರೆ ನೆರಳು ಕೂಡ ಅವಳ ಉಡುಗೆಗೆ ಹೊಂದುತ್ತದೆ. ಕಾರು, ಬೈಕು, ಲಿಮೊಸಿನ್ ಯಾವುದರಲ್ಲಾದರೂ ಸುತ್ತುತ್ತಾಳೆ, ಭೇದವೆಣಿಸುವವಳಲ್ಲ. ವಾರಾಂತ್ಯ ಬಂತೆಂದರೆ ಮೋಜಿಗೆ ಹೊರಟಳೆಂದೇ ಲೆಕ್ಕ. ಒಂದೇ ಒಂದು ‘ಮಾರ್ಕೆಸಿನಾ’ ಪಾರ್ಟಿಯನ್ನೂ ತಪ್ಪಿಸಿಕೊಳ್ಳುವುದಿಲ್ಲ.

ಈ ಕೊನೆಯ ವಿವರ ನನಗೆ ಬಹಳ ಪ್ರಿಯವಾದದ್ದು. ಪೋರ್ಟೊ ರಿಕೊದ ಸಾಮಾನ್ಯ ಕಾಂಕ್ರೀಟ್ ಮನೆಗಳ ಮುಂದೆ ಅಥವಾ ಪಕ್ಕದಲ್ಲಿ ಕಾರು ನಿಲ್ಲಿಸಲು ತಾರಸಿ ಹಾಕಿದ, ಎದುರು ತೆರೆದ ಜಾಗವಿರುತ್ತದೆ. ಅದಕ್ಕೆ ಮಾರ್ಕೆಸಿನಾ ಎನ್ನುತ್ತಾರೆ. ಸಂಜೆ ಕಾರನ್ನು ಬೀದಿಗೆ ತಂದು ನಿಲ್ಲಿಸಿ, ಆ ಜಾಗದಲ್ಲಿ ಸ್ಪೀಕರ್ ಇಟ್ಟರೆ ಪಾರ್ಟಿಯಾಯಿತು. ಕ್ಲಬ್ಬಿನ ಪ್ರವೇಶ ಶುಲ್ಕ ಕೊಡಲಾಗದ ಹುಡುಗ ಹುಡುಗಿಯರು ರೆಗೆಟೋನ್‌ಗೆ ಕುಣಿಯಲು ಕಲಿತದ್ದು ಇಂಥಲ್ಲಿ. ಲಿಮೊಸಿನ್‌ನಲ್ಲಿ ಸುತ್ತುವವಳು ನೆರೆಮನೆಯ ಕಾರ್‌ಶೆಡ್ಡಿನ ಪಾರ್ಟಿಗೂ ಹೋಗುತ್ತಾಳೆ ಎಂದಾಗ ಇಡೀ ಹಾಡು ಒಂದು ನಿರ್ದಿಷ್ಟ ನೆಲಕ್ಕೆ, ನಿರ್ದಿಷ್ಟ ಬೀದಿಗೆ ಅಂಟಿಕೊಳ್ಳುತ್ತದೆ.

ಈ ಚಿತ್ರವನ್ನು ಕಟ್ಟಿರುವ ಕ್ರಮವೂ ಸಾಮಾನ್ಯದ್ದಲ್ಲ. ಗಾಸೋಲಿನಾ, ಮಾರ್ಕೆಸಿನಾ, ಎಸ್ಕಿನಾ, ಲಿಮೊಸಿನಾ, ಅಡ್ರೆನಲಿನಾ ಹೀಗೆ ಸಾಲಿನ ಮೇಲೆ ಸಾಲು ‘ಇನಾ’ ಎಂದೇ ಮುಗಿಯುತ್ತದೆ. ಅಂತ್ಯಪ್ರಾಸ ಒಂದೇ ಜಾಗದಲ್ಲಿ ಬಡಿಯುತ್ತಾ ಹೋದಂತೆ ಅದು ಸ್ವತಃ ಒಂದು ತಾಳವಾದ್ಯವಾಗುತ್ತದೆ. ಸ್ಪ್ಯಾನಿಷ್ ಬಾರದವರ ಕಿವಿಗೂ ಇದು ತಲುಪುತ್ತದೆ.

‘ಇನ್ನಷ್ಟು ಕೊಡು’ ಅನ್ನೋ ಹೆಣ್ಣು ದನಿ ಯಾರದು?

ಗ್ಲೋರಿ ಎಂಬ ಹೆಸರಿನಿಂದ ಹಾಡುತ್ತಿದ್ದ ಪೋರ್ಟೊ ರಿಕೊ ಗಾಯಕಿಯದು. ಆ ಕಾಲದ ಹಲವು ರೆಗೆಟೋನ್ ಹಾಡುಗಳಲ್ಲಿ ಹೆಣ್ಣು ದನಿಯ ತುಣುಕುಗಳು ಅವರವೇ. ಹಾಡಿನ ಶೀರ್ಷಿಕೆಯಲ್ಲಿ ಅವರ ಹೆಸರು ಇಲ್ಲ. ಜಗತ್ತು ಬಾಯಿಪಾಠ ಮಾಡಿಕೊಂಡಿರುವ ಪಲ್ಲವಿಯ ಅರ್ಧಭಾಗ ಅವರ ಕಂಠದ್ದಾಗಿರುವಾಗ ಹೆಸರು ಅಲ್ಲಿ ಇರಬೇಕಿತ್ತು ಎಂದು ನಾನು ಬಲವಾಗಿ ನಂಬುತ್ತೇನೆ.

ಮಗಳ ಶಾಲೆಯ ವಾರ್ಷಿಕೋತ್ಸವಕ್ಕೆ ಈ ಹಾಡು ಆರಿಸಿದ್ದಾರೆ. ಪರವಾಗಿಲ್ಲವೇ?

ಹಾಡಿನಲ್ಲಿ ಬೈಗುಳಗಳಿಲ್ಲ, ಆದರೆ ವಯಸ್ಕರ ನಡುವಿನ ಸೆಳೆತವೇ ಅದರ ವಿಷಯ. ಚಿಕ್ಕ ಮಕ್ಕಳಿಗೆ ಬೀಟ್ ಬೇಕಿದ್ದರೆ ಮಾತಿಲ್ಲದ ವಾದ್ಯ ಆವೃತ್ತಿಯನ್ನು ಬಳಸುವುದು ಉತ್ತಮ. ಹೆಜ್ಜೆಗಳನ್ನು ವಿಡಿಯೊದಿಂದ ಹಾಗೆಯೇ ಎತ್ತಿಕೊಳ್ಳದಂತೆ ಶಿಕ್ಷಕರಿಗೆ ಹೇಳಬಹುದು.

## ತಾಳ ಮತ್ತು ಕುಣಿತ

ಎಲ್ಲಾ ರೆಗೆಟೋನ್ ಹಾಡುಗಳ ಬೀಟ್ ಒಂದೇ ಥರ ಕೇಳುತ್ತದಲ್ಲ, ಯಾಕೆ?

ಬಹುತೇಕ ಒಂದೇ ಆಗಿರುವುದರಿಂದ. ಅದಕ್ಕೆ ‘ಡೆಂಬೋ’ ಎನ್ನುತ್ತಾರೆ. ಜಮೈಕಾದ ಶಬ್ಬಾ ರ‍್ಯಾಂಕ್ಸ್ 1990ರ ಸುಮಾರಿಗೆ ಹಾಡಿದ ಗೀತೆಯೊಂದರ ಹೆಸರು ಅದು. ಸಲಿಂಗಿಗಳನ್ನು ಹೀನಾಯವಾಗಿ ಕಂಡ ಆ ಗೀತೆಯ ಮಾತುಗಳು ಹಿಂದೆ ಉಳಿದವು, ತಾಳ ಮಾತ್ರ ಮುಂದೆ ನಡೆಯಿತು.

ಕರ್ನಾಟಕ ಸಂಗೀತದ ಕೊನ್ನಕ್ಕೋಲು, ಅಂದರೆ ಬಾಯಲ್ಲಿ ತಾಳದ ಸೊಲ್ಲು ಹೇಳುವುದನ್ನು, ಸ್ವಲ್ಪ ಕೇಳಿದವರಿಗೆ ಇದನ್ನು ಅರ್ಥ ಮಾಡಿಕೊಳ್ಳುವುದು ಬಹಳ ಸುಲಭ. ‘ತಕಿಟ ತಕಿಟ ತಕ’ ಎಂದು ಸಮವಾದ ವೇಗದಲ್ಲಿ ಹೇಳುತ್ತಾ ಹೋಗಿ. ಮೂರು, ಮೂರು, ಎರಡು, ಒಟ್ಟು ಎಂಟು ಮಾತ್ರೆಗಳು. ಅದೇ ಹೊತ್ತಿಗೆ ಕಾಲಿನಿಂದ ಒಂದನೆಯ ಮತ್ತು ಐದನೆಯ ಮಾತ್ರೆಗೆ ನೆಲ ತಟ್ಟಿ. ನೆಲದ ತಟ್ಟು ಕಿಕ್ ಡ್ರಮ್ಮಿನದು. ಎರಡನೆಯ ‘ತಕಿಟ’ದ ‘ತ’ ಮತ್ತು ಕೊನೆಯ ‘ತಕ’ದ ‘ತ’, ಅಂದರೆ ನಾಲ್ಕನೆಯ ಮತ್ತು ಏಳನೆಯ ಮಾತ್ರೆಗಳು, ಸ್ನೇರ್ ಡ್ರಮ್ಮಿನವು. ಕಾಲು ಎಂಟನ್ನು ನಾಲ್ಕು ನಾಲ್ಕಾಗಿ ಒಡೆಯುತ್ತದೆ, ಬಾಯಿ ಅದೇ ಎಂಟನ್ನು ಮೂರು ಮೂರು ಎರಡಾಗಿ ಒಡೆಯುತ್ತದೆ. ಈ ಎರಡು ಲೆಕ್ಕಗಳು ಪ್ರತಿ ಆವರ್ತನದ ಆರಂಭದಲ್ಲಿ ಕೂಡಿ, ನಡುವೆ ಬೇರೆಯಾಗಿ, ಮತ್ತೆ ಕೂಡುತ್ತವೆ. ಸೊಂಟ ಅಲುಗುವುದು ಆ ಬೇರ್ಪಡುವ ಗಳಿಗೆಯಲ್ಲಿ.

ಮೂರು ಮೂರು ಎರಡರ ಈ ವಿಭಾಗ ರೆಗೆಟೋನ್‌ನ ಸ್ವಂತ ಆವಿಷ್ಕಾರವಲ್ಲ. ಗುಲಾಮರಾಗಿ ಕೆರಿಬಿಯನ್‌ಗೆ ತರಲ್ಪಟ್ಟ ಆಫ್ರಿಕನ್ನರ ಸಂಗೀತದಿಂದ ಬಂದ ಅದು ಕ್ಯೂಬಾದ ಹಬನೇರಾದಲ್ಲೂ ಇದೆ, ಇನ್ನೂ ಎಷ್ಟೋ ಪ್ರಕಾರಗಳಲ್ಲಿ ಇದೆ. ಡೆಂಬೋ ಅದನ್ನು ಯಂತ್ರದ ಸದ್ದಿಗೆ ಕಟ್ಟಿತು.

ಸ್ಪ್ಯಾನಿಷ್‌ನ ಒಂದಕ್ಷರ ಬರಲ್ಲ. ಆದರೂ ಈ ಹಾಡು ಬಂದ ಕೂಡಲೇ ಎದ್ದು ಕುಣಿಯಬೇಕು ಅನ್ನಿಸುತ್ತೆ. ಇದರಲ್ಲಿ ಅಂಥದ್ದೇನಿದೆ?

ವೇಗದಿಂದ ಆರಂಭಿಸೋಣ. ನಿಮಿಷಕ್ಕೆ ಸುಮಾರು 96 ತಟ್ಟುಗಳಿರುವ ಈ ಹಾಡು ಓಟದ ಹಾಡೂ ಅಲ್ಲ, ತೂಗಾಟದ ಹಾಡೂ ಅಲ್ಲ. ಚುರುಕಾಗಿ ನಡೆಯುವವನ ಹೆಜ್ಜೆಗೆ ಹತ್ತಿರದ ವೇಗ ಅದು. ನೃತ್ಯ ಕಲಿಯದವರೂ ಹೆದರದೆ ಸೇರಿಕೊಳ್ಳಬಹುದು.

ಎರಡನೆಯದು ಸವಾಲು ಜವಾಬಿನ ಕಟ್ಟು. ಗಾಯಕ ಒಂದು ಸಾಲು ಹೇಳುತ್ತಾನೆ, ಗುಂಪು ‘ದೂರೊ’ ಎನ್ನುತ್ತದೆ. ಮತ್ತೊಂದು ಸಾಲು, ಮತ್ತೆ ‘ದೂರೊ’. ಪಲ್ಲವಿಗೆ ಬಂದಾಗ ಅದೇ ಕಟ್ಟು ಗಂಡು ಮತ್ತು ಹೆಣ್ಣು ದನಿಗಳಿಗೆ ವರ್ಗಾವಣೆಯಾಗುತ್ತದೆ. ಮೇಳದವರು ಮೊದಲಿಗನ ಸಾಲನ್ನು ಎತ್ತಿಕೊಳ್ಳುವ ಹಾಡುಗಳನ್ನು ಕೇಳಿ ಬೆಳೆದ ನಮಗೆ ಎಲ್ಲಿ ಬಾಯಿ ಸೇರಿಸಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಕೂಗಬೇಕಾದ ಪದ ಎರಡಕ್ಷರದ್ದು. ಅರ್ಥ ತಿಳಿಯುವ ಮೊದಲೇ ನಾವು ಹಾಡುಗಾರರ ಕಡೆಯವರಾಗಿರುತ್ತೇವೆ.

ಮೂರನೆಯದು ತಡೆ ಹಿಡಿಯುವ ಕಲೆ. ಪಲ್ಲವಿಗೆ ಮುನ್ನ ಸಂಗೀತ ಒತ್ತಡವನ್ನು ಏರಿಸುತ್ತಾ ಹೋಗುತ್ತದೆ, ಕೇಳುಗನ ಮೈ ಮುಂದೆ ಬರಲಿರುವುದನ್ನು ಊಹಿಸಿ ಸಿದ್ಧವಾಗುತ್ತದೆ. ‘ನನ್ನ ಹುಡುಗಿಯರು ಎಂಜಿನ್ ಚಾಲೂ ಮಾಡಲಿ’ ಎಂಬ ಆರಂಭದ ಕೂಗಿಗೆ ತಕ್ಕಂತೆ ಸಂಗೀತವೂ ಚಾಲೂ ಆಗುತ್ತದೆ. ಮಾತು ಏನು ಹೇಳುತ್ತಿದೆಯೋ ಅದನ್ನೇ ಸದ್ದು ಮಾಡಿ ತೋರಿಸುವ ಇಂಥ ಹೊಂದಾಣಿಕೆ ಕುಣಿತದ ಹಾಡುಗಳಲ್ಲಿ ಎಷ್ಟೋ ಬಾರಿ ಇರುವುದಿಲ್ಲ. ‘ಗಾಸೋಲಿನಾ’ ಹಳತಾಗದೆ ಉಳಿದಿರುವುದಕ್ಕೆ ನಾನು ಕೊಡುವ ಮೊದಲ ಕಾರಣ ಇದೇ.

ಜುಂಬಾ ಕ್ಲಾಸಿನಲ್ಲಿ ಮಾಡಿಸುವುದೇ ನಿಜವಾದ ರೆಗೆಟೋನ್ ಡ್ಯಾನ್ಸಾ?

ಅಲ್ಲ. ಬೆಂಗಳೂರಿನ ಬಡಾವಣೆಗಳಲ್ಲಿ ಬೆಳಗ್ಗೆ ನಡೆಯುವ ಜುಂಬಾ ತರಗತಿಗಳ ಮೂಲಕ ಎಷ್ಟೋ ಕನ್ನಡಿಗರಿಗೆ ಈ ತಾಳ ಪರಿಚಯವಾಗಿದೆ, ಏಕೆಂದರೆ ಕೊಲಂಬಿಯಾದ ಬೇಟೊ ಪೆರೆಸ್ ರೂಪಿಸಿದ ಆ ವ್ಯಾಯಾಮ ಪದ್ಧತಿಯ ನಾಲ್ಕು ಮೂಲ ತಾಳಗಳಲ್ಲಿ ಸಾಲ್ಸಾ, ಮೆರೆಂಗೆ, ಕುಂಬಿಯಾಗಳ ಜೊತೆ ರೆಗೆಟೋನ್ ಒಂದು. ಅಲ್ಲಿ ಸಾಲಾಗಿ ನಿಂತು, ಶಿಕ್ಷಕರನ್ನು ನೋಡಿ, ಒಬ್ಬೊಬ್ಬರೇ ಮಾಡುತ್ತಾರೆ.

ಪೋರ್ಟೊ ರಿಕೊದಲ್ಲಿ ಈ ಸಂಗೀತದ ಜೊತೆ ಬೆಳೆದ ಕುಣಿತದ ಹೆಸರು ಪೆರ್ರೆಯೊ. ಮಂಡಿ ಬಾಗಿಸಿ, ಮೈಯ ಭಾರವನ್ನು ಕೆಳಗಿಳಿಸಿ, ಸೊಂಟವನ್ನು ತಾಳಕ್ಕೆ ತಿರುಗಿಸುತ್ತಾ ಇಬ್ಬರು ಹತ್ತಿರದಲ್ಲಿ, ಹೆಚ್ಚಾಗಿ ಹೆಣ್ಣು ಮುಂದೆ ಬೆನ್ನು ಮಾಡಿ, ಕುಣಿಯುವ ಪದ್ಧತಿ ಅದು. ಮೊದಲ ಸಲ ನೋಡಿದವರಿಗೆ ಮುಜುಗರವಾಗುವುದು ಸಹಜ. ಆದರೆ ಅಲ್ಲಿ ಗಮನಿಸಬೇಕಾದ ಒಂದು ಅಂಶವಿದೆ: ವೇಗವನ್ನು, ಅಂತರವನ್ನು, ಎಷ್ಟು ಕೆಳಗಿಳಿಯಬೇಕೆಂಬುದನ್ನು ನಿರ್ಧರಿಸುವವಳು ಬಹುಪಾಲು ಹೆಣ್ಣು. ಅದೇ ದ್ವೀಪದಲ್ಲಿ, ಕಬ್ಬಿನ ತೋಟಗಳ ಗುಲಾಮರಿಂದ ಬಂದ ಬೊಂಬಾ ಎಂಬ ಹಳೆಯ ನೃತ್ಯವಿದೆ. ಅದರಲ್ಲಿ ಕುಣಿಯುವವರು ಡೋಲಿನವನನ್ನು ಅನುಸರಿಸುವುದಿಲ್ಲ. ಅವರ ಹೆಜ್ಜೆಗೆ, ಲಂಗದ ಬೀಸಿಗೆ ಮುಖ್ಯ ಡೋಲು ಉತ್ತರಿಸಬೇಕು. ಪೆರ್ರೆಯೊ ನೇರವಾಗಿ ಬೊಂಬಾದಿಂದ ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಕುಣಿಯುವ ಮೈಯೇ ಮುಂದಾಳು ಎಂಬ ತಿಳಿವಳಿಕೆ ಆ ನೆಲಕ್ಕೆ ಹೊಸದಲ್ಲ ಎಂಬುದಷ್ಟೇ ನನ್ನ ಮಾತು.

ಲೂನಿ ಟ್ಯೂನ್ಸ್ ಅಂದರೆ ಯಾರು?

ಫ್ರಾನ್ಸಿಸ್ಕೊ ಸಲ್ದಾನ್ಯಾ ಮತ್ತು ವಿಕ್ಟರ್ ಕಬ್ರೇರಾ ಎಂಬ ಇಬ್ಬರು ಯುವಕರು. ಹುಟ್ಟಿದ್ದು ಡೊಮಿನಿಕನ್ ರಿಪಬ್ಲಿಕ್‌ನಲ್ಲಿ, ಬೆಳೆದದ್ದು ಅಮೆರಿಕದ ಮ್ಯಾಸಚುಸೆಟ್ಸ್‌ನಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಊಟದ ಮನೆಯಲ್ಲಿ ಕೆಲಸ ಮಾಡುತ್ತಾ, ಬಿಡುವಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಬೀಟ್ ಕಟ್ಟಿದವರು, ಆಮೇಲೆ ಪೋರ್ಟೊ ರಿಕೊಗೆ ಹೋದರು. ಅವರ 2003ರ ‘ಮಾಸ್ ಫ್ಲೋ’ ಸಂಕಲನ ಆ ಕಾಲದ ರೆಗೆಟೋನ್‌ನ ಸದ್ದನ್ನೇ ಬದಲಿಸಿತು. ಕ್ಯಾಸೆಟ್ ಯುಗದ ಒರಟು ಡೆಂಬೋಗೆ ಅವರು ರಾಗಬದ್ಧವಾದ ಸಿಂಥಸೈಜರ್ ಸಾಲುಗಳನ್ನು, ತೂಕದ ಬೇಸನ್ನು, ರೇಡಿಯೊಗೆ ಒಪ್ಪುವ ಶುಚಿತ್ವವನ್ನು ತಂದರು.

## ಚರಿತ್ರೆ ಮತ್ತು ಚರ್ಚೆ

ಪೋರ್ಟೊ ರಿಕೊದಲ್ಲಿ ಪೊಲೀಸರೇ ಈ ಸಂಗೀತದ ಕ್ಯಾಸೆಟ್ ಹಿಡಿದಿದ್ದರಂತೆ, ಹೌದೇ?

ಹೌದು. 1993ರಲ್ಲಿ ರಾಜ್ಯಪಾಲರಾದ (ಅಲ್ಲಿ ಇದು ಚುನಾಯಿತ ಹುದ್ದೆ) ಪೆಡ್ರೊ ರೊಸೆಯೊ ಅವರು ಅಪರಾಧದ ವಿರುದ್ಧ ‘ಬಿಗಿ ಕೈ’ ಎಂಬರ್ಥದ ಅಭಿಯಾನ ಆರಂಭಿಸಿದರು. ಪೊಲೀಸರ ಜೊತೆಗೆ ನ್ಯಾಷನಲ್ ಗಾರ್ಡ್ ಪಡೆ ಕೂಡ ಬಡವರ ವಸತಿ ಸಮುಚ್ಚಯಗಳಿಗೆ ಇಳಿಯಿತು. ಅಂಡರ್‌ಗ್ರೌಂಡ್ ಸಂಗೀತ ಹುಟ್ಟುತ್ತಿದ್ದದ್ದೂ ಅಂಥ ಸಮುಚ್ಚಯಗಳಲ್ಲೇ. 1995ರ ಫೆಬ್ರವರಿಯಲ್ಲಿ ಪೊಲೀಸರು ಸ್ಯಾನ್ ಹುವಾನ್ ಪ್ರದೇಶದ ಸಂಗೀತದ ಅಂಗಡಿಗಳ ಮೇಲೆ ದಾಳಿ ಮಾಡಿ, ಅಶ್ಲೀಲತೆಯ ಕಾರಣ ಕೊಟ್ಟು ಕ್ಯಾಸೆಟ್‌ಗಳನ್ನು ವಶಪಡಿಸಿಕೊಂಡರು. 2002ರಲ್ಲಿ ಸೆನೆಟರ್ ವೆಲ್ಡಾ ಗೊನ್ಸಾಲೆಸ್ ಅವರ ಮುಂದಾಳತ್ವದಲ್ಲಿ ಪೆರ್ರೆಯೊ ಮತ್ತು ರೆಗೆಟೋನ್ ವಿಡಿಯೊಗಳನ್ನು ಕುರಿತು ಸಾರ್ವಜನಿಕ ವಿಚಾರಣೆಗಳೂ ನಡೆದವು.

ಕೆಲವು ಹಾಡುಗಳು ನಿಜಕ್ಕೂ ಹಿಂಸೆಯನ್ನು ಮೆರೆಸುತ್ತಿದ್ದವು, ಅದನ್ನು ಪ್ರಶ್ನಿಸಿದವರೆಲ್ಲ ಕೆಟ್ಟ ಉದ್ದೇಶದವರಲ್ಲ. ಆದರೆ ಹಾಡುಗಾರರ ಬಣ್ಣ, ವಿಳಾಸ, ಬಡತನ ಇವುಗಳ ಮೇಲಿನ ಭಯವೇ ಸಂಗೀತದ ಮೇಲಿನ ಭಯವಾಗಿ ರೂಪಾಂತರಗೊಂಡಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ‘ಸೊಗಸಾದ ಕೇರಿ’ ಎಂಬರ್ಥದ ‘ಬ್ಯಾರಿಯೊ ಫಿನೊ’ ಎಂಬ ಹೆಸರಿನಲ್ಲೇ ಬಡ ಕೇರಿಯ ಬಗೆಗಿನ ಹೆಮ್ಮೆ ಇದೆ. ಯಾಂಕಿ ಅದನ್ನು ತಮ್ಮದೇ ಸಂಸ್ಥೆಯಾದ ಎಲ್ ಕಾರ್ಟೆಲ್ ರೆಕಾರ್ಡ್ಸ್ ಮೂಲಕ ಹೊರತಂದರು ಎಂಬುದನ್ನೂ ಈ ಹಿನ್ನೆಲೆಯಲ್ಲಿ ನೋಡಬೇಕು.

ಹೆಣ್ಣನ್ನು ಭೋಗವಸ್ತುವಾಗಿ ನೋಡುವ ಹಾಡಲ್ಲವೇ ಇದು? ಇದನ್ನು ಮೆಚ್ಚುವುದು ಹೇಗೆ?

ಆಕ್ಷೇಪಕ್ಕೆ ಆಧಾರವಿದೆ. ಹಾಡು ಬರೆದವರು ಗಂಡಸರು, ನೋಟ ಗಂಡಸಿನದು. ಹೆಣ್ಣುಗಳನ್ನು ‘ಗಾತಾ’, ಅಂದರೆ ಬೆಕ್ಕು, ಎಂದು ಕರೆಯುವ ರೂಢಿಮಾತು ಉದ್ದಕ್ಕೂ ಇದೆ; ಬೇಟೆಗಾರರಿಗಿಂತ ಚಾಲಾಕಿಯಾದ ನರಿಗಳು ಎಂಬ ಮಾತೂ ಬರುತ್ತದೆ. ಒಳ್ಳೆಯ ಕಾರಿರುವವನ ಹಿಂದೆ ಹೋಗುವವಳು ಎಂಬ ಮೂಲ ಕೀಟಲೆಯಲ್ಲಿ ತಿರಸ್ಕಾರವಿದ್ದದ್ದು ನಿಜ.

ಅದೇ ಸಾಹಿತ್ಯದಲ್ಲಿ ಇನ್ನೆರಡು ಸಾಲುಗಳಿವೆ. ಒಂದು, ‘ಅವಳು ಯಾರಿಗೂ ಲೆಕ್ಕ ಒಪ್ಪಿಸುವುದಿಲ್ಲ’ ಎಂಬುದು. ಮತ್ತೊಂದು, ಈ ಹಾಡು ‘ತಮ್ಮ ಎಂಜಿನ್ ಆರಿಸದ ಹೆಂಗಸರಿಗಾಗಿ’ ಎಂಬುದು. ಅಪ್ಪನಿಗೆ, ಅಣ್ಣನಿಗೆ, ಗಂಡನಿಗೆ, ಬೀದಿಗೆ ಉತ್ತರ ಹೇಳದೆ ಸಂಜೆ ಹೊರಡುವ ಹೆಣ್ಣನ್ನು ಹಾಡು ಹಳಿಯುವುದಿಲ್ಲ, ಅವಳ ಬೆನ್ನಿಗೆ ನಿಲ್ಲುತ್ತದೆ. ಪಲ್ಲವಿಯಲ್ಲಿ ಬೇಡಿಕೆ ಇಡುವವಳೂ ಅವಳೇ. ತಮಗೆ ಬೇಕಾದದ್ದನ್ನು ಗಟ್ಟಿಯಾಗಿ ಕೇಳುವ ಹೆಣ್ಣು ದನಿ ಎಲ್ಲ ಸಮಾಜಗಳಲ್ಲೂ ವಿರಳ. ಕುಣಿಯುವ ಹೆಂಗಸರು ಗ್ಲೋರಿಯ ಸಾಲನ್ನು ಯಾಂಕಿಯ ಸಾಲಿಗಿಂತ ಜೋರಾಗಿ ಹಾಡುವುದಕ್ಕೆ ಇದೇ ಕಾರಣವೆಂದು ನನಗೆ ಅನ್ನಿಸುತ್ತದೆ.

ಒಂದು ಹಾಡಿನಿಂದಲೇ ಇಡೀ ಪ್ರಕಾರವನ್ನು ಅಳೆಯಬಾರದು ಎಂಬುದನ್ನೂ ಸೇರಿಸಬೇಕು. ಅದೇ ಕಾಲದಲ್ಲಿ, ಅದೇ ದ್ವೀಪದಲ್ಲಿ, ಐವಿ ಕ್ವೀನ್ ಎಂಬ ಗಾಯಕಿ ‘ನನಗೆ ಕುಣಿಯಬೇಕು, ಹಾಗೆಂದು ನಿನ್ನ ಹಾಸಿಗೆಗೆ ಬರುತ್ತೇನೆಂದಲ್ಲ’ ಎಂಬರ್ಥದ ಹಾಡನ್ನು ಹಾಡಿ, ಕುಣಿತಕ್ಕೆ ಒಪ್ಪುವುದೇ ಬೇರೆ, ಉಳಿದದ್ದಕ್ಕೆ ಒಪ್ಪುವುದೇ ಬೇರೆ ಎಂದು ಸ್ಪಷ್ಟಪಡಿಸಿದ್ದರು. ಎರಡನ್ನೂ ಒಟ್ಟಿಗೆ ಕೇಳಿದರೆ ಆ ನೃತ್ಯದಂಗಳದಲ್ಲಿ ನಡೆಯುತ್ತಿದ್ದ ವಾಗ್ವಾದ ಪೂರ್ತಿಯಾಗಿ ಕಾಣುತ್ತದೆ.

ಅಷ್ಟು ದೊಡ್ಡ ಹಾಡಾಗಿದ್ದರೆ ಅಮೆರಿಕದಲ್ಲಿ ನಂಬರ್ ಒನ್ ಆಗಿತ್ತೇ?

ಇಲ್ಲ. ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಅದು ಏರಿದ್ದು 32ನೆಯ ಸ್ಥಾನದವರೆಗೆ. ಬ್ರಿಟನ್ನಿನಲ್ಲಿ 5ನೆಯ ಸ್ಥಾನ ಮುಟ್ಟಿತು. ಆದರೆ ಅದರ ತೂಕವನ್ನು ಪಟ್ಟಿಯ ಸಂಖ್ಯೆ ಹೇಳುವುದಿಲ್ಲ. 2005ರ ಲ್ಯಾಟಿನ್ ಗ್ರ್ಯಾಮಿಯಲ್ಲಿ ‘ವರ್ಷದ ಧ್ವನಿಮುದ್ರಣ’ ವಿಭಾಗಕ್ಕೆ ನಾಮನಿರ್ದೇಶನಗೊಂಡ ಮೊದಲ ರೆಗೆಟೋನ್ ಹಾಡು ಇದು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2023ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಸೇರಿಸಿತು. ಆ ಗೌರವವೂ ರೆಗೆಟೋನ್‌ಗೆ ಮೊದಲ ಬಾರಿಗೆ ಸಂದದ್ದು. ಯಾಂಕಿ ದನಿಗೂಡಿಸಿದ ‘ದೆಸ್ಪಾಸಿತೊ’ 2017ರಲ್ಲಿ ಹಾಟ್ 100ರ ಮೊದಲ ಸ್ಥಾನದಲ್ಲಿ 16 ವಾರ ನಿಂತಿತು. ಆ ಬಾಗಿಲನ್ನು ಹದಿಮೂರು ವರ್ಷ ಮೊದಲೇ ತಟ್ಟಿದ್ದು ‘ಗಾಸೋಲಿನಾ’.

ಬರೀ ಕುಣಿತದ ಸಂಗೀತಕ್ಕೆ ರಾಜಕೀಯ ಅರ್ಥ ಹಚ್ಚುವುದು ಅತಿಯಲ್ಲವೇ?

2019ರ ಜುಲೈ ತಿಂಗಳನ್ನು ನೋಡಿ. ಪೋರ್ಟೊ ರಿಕೊದ ಆಗಿನ ರಾಜ್ಯಪಾಲ ರಿಕಾರ್ಡೊ ರೊಸೆಯೊ ಮತ್ತು ಆಪ್ತರ ನಡುವಿನ ಖಾಸಗಿ ಸಂದೇಶಗಳು ಬಯಲಾಗಿ, ಅವುಗಳಲ್ಲಿದ್ದ ಹೆಂಗಸರ, ಸಲಿಂಗಿಗಳ, 2017ರ ಮರಿಯಾ ಚಂಡಮಾರುತದಲ್ಲಿ ಸತ್ತವರ ಬಗೆಗಿನ ಅಪಹಾಸ್ಯ ಕಂಡು ಲಕ್ಷಾಂತರ ಜನ ಬೀದಿಗಿಳಿದರು. ಬ್ಯಾಡ್ ಬನ್ನಿಯಂಥ ರೆಗೆಟೋನ್ ಗಾಯಕರು ಮೆರವಣಿಗೆಯಲ್ಲಿದ್ದರು. ಜುಲೈ 24ರ ರಾತ್ರಿ ಹಳೆಯ ಸ್ಯಾನ್ ಹುವಾನ್‌ನ ಪ್ರಧಾನ ಚರ್ಚಿನ ಮೆಟ್ಟಿಲುಗಳ ಮೇಲೆ ಯುವಜನರು ‘ಹೋರಾಟದ ಪೆರ್ರೆಯೊ’ ಎಂದು ಹೆಸರಿಟ್ಟು ಕುಣಿದರು. ಅದೇ ರಾತ್ರಿ ರಾಜ್ಯಪಾಲರು ರಾಜೀನಾಮೆ ಘೋಷಿಸಿದರು. ಅವರು ಪೆಡ್ರೊ ರೊಸೆಯೊ ಅವರ ಮಗ. ತಂದೆಯ ಆಡಳಿತದಲ್ಲಿ ಪೊಲೀಸರು ಹೊತ್ತೊಯ್ದ ಸಂಗೀತಕ್ಕೆ ಮಗನ ಆಡಳಿತದ ಕೊನೆಯ ದಿನಗಳಲ್ಲಿ ಜನ ಬಹಿರಂಗವಾಗಿ ಕುಣಿದರು. ರಾಜೀನಾಮೆಗೆ ಕುಣಿತವೇ ಕಾರಣವಲ್ಲ, ಆದರೆ ಆ ಜನರಿಗೆ ಈ ಸಂಗೀತ ಏನಾಗಿದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ನನಗೆ ತಿಳಿದಿಲ್ಲ.

ಡೆಂಬೋ ತಾಳದ ಮೇಲೆ ಯಾರಿಗಾದರೂ ಹಕ್ಕಿದೆಯೇ? ಕೇಸ್ ನಡೆಯುತ್ತಿದೆ ಅಂತ ಓದಿದೆ.

ಜಮೈಕಾದ ಸ್ಟೀಲಿ ಮತ್ತು ಕ್ಲೀವಿ ಎಂಬ ಜೋಡಿ 1989ರಲ್ಲಿ ‘ಫಿಶ್ ಮಾರ್ಕೆಟ್’ ಎಂಬ ವಾದ್ಯ ತುಣುಕನ್ನು ರೂಪಿಸಿತ್ತು. ಡೆಂಬೋದ ಬೇರು ಅದರಲ್ಲಿದೆ ಎಂದು ವಾದಿಸಿ, ಕ್ಲೀವಿ ಮತ್ತು ದಿವಂಗತ ಸ್ಟೀಲಿಯವರ ಹಕ್ಕುದಾರರು 2021ರಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅದು ಬೆಳೆಯುತ್ತಾ ಹೋಗಿ ಡ್ಯಾಡಿ ಯಾಂಕಿ ಸೇರಿದಂತೆ ನೂರಕ್ಕೂ ಹೆಚ್ಚು ಕಲಾವಿದರು, ಸಂಸ್ಥೆಗಳು ಪ್ರತಿವಾದಿಗಳಾದರು. ದಾವೆಯನ್ನು ಆರಂಭದಲ್ಲೇ ವಜಾ ಮಾಡಬೇಕೆಂಬ ಪ್ರತಿವಾದಿಗಳ ಕೋರಿಕೆಯನ್ನು ನ್ಯಾಯಾಧೀಶರು 2024ರಲ್ಲಿ ಒಪ್ಪಲಿಲ್ಲ.

ನನ್ನ ನಿಲುವು ಎರಡು ಭಾಗದ್ದು. ಮೂರು ಮೂರು ಎರಡರ ಲೆಕ್ಕ ಯಾರೊಬ್ಬರ ಆಸ್ತಿಯೂ ಆಗಲಾರದು. ಶತಮಾನಗಳ ಹಿಂದೆ ಹಡಗಿನಲ್ಲಿ ಬಂಧಿಗಳಾಗಿ ಬಂದವರ ಮೈಯಲ್ಲಿ ಉಳಿದು ಬಂದದ್ದನ್ನು ಯಾವ ನ್ಯಾಯಾಲಯವೂ ಒಂದು ಹೆಸರಿಗೆ ಬರೆದುಕೊಡಬಾರದು. ಆದರೆ ಒಂದು ಸ್ಟುಡಿಯೊದಲ್ಲಿ, ನಿರ್ದಿಷ್ಟ ಸದ್ದುಗಳನ್ನು ಆರಿಸಿ, ನಿರ್ದಿಷ್ಟ ರೀತಿಯಲ್ಲಿ ಜೋಡಿಸಿದ ಧ್ವನಿಮುದ್ರಣವನ್ನು ದಶಕಗಳ ಕಾಲ ಕತ್ತರಿಸಿ ಅಂಟಿಸಿ ಬಳಸಿದವರು, ಆ ಜಮೈಕಾದ ವಾದಕರಿಗೆ ಹೆಸರನ್ನೂ ಪಾಲನ್ನೂ ಕೊಡಬೇಕು. ದೊಡ್ಡ ಸಂಗೀತ ಸಂಸ್ಥೆಗಳು ಈ ಎರಡನ್ನು ಬೇಕೆಂದೇ ಒಂದು ಮಾಡಿ ‘ತಾಳಕ್ಕೆ ಹಕ್ಕಿಲ್ಲ’ ಎಂದು ಕೈತೊಳೆದುಕೊಳ್ಳುವುದನ್ನು ಒಪ್ಪಲಾಗದು.